ಕುದುರೆ ಹತ್ತುವ ಮೊದಲು ಸೂಜಿ-ದಾರ

ಪ್ರಶ್ನೆ: ಅಮ್ಮ, ನಾನು ಬಿ.ಎ. ಎರಡನೇ ವರ್ಷ. ಕಾಲೇಜಿನ ಖೊ-ಖೊ ಟೀಮಿನಲ್ಲಿದ್ದೇನೆ. ಆಸ್ಟ್ರಿಯಾದ ರಾಣಿ ಸಿಸಿ ಅರಮನೆಯೊಳಗೇ ಜಿಮ್ ಮಾಡಿಸಿಕೊಂಡು ರಿಂಗ್ ಹಿಡಿದು ಕಸರತ್ತು ಮಾಡುತ್ತಿದ್ದಳಂತೆ. ಆದರೆ ನೋಡಿದ ಫೋಟೋಗಳಲ್ಲೆಲ್ಲ ನೆಲ ಗುಡಿಸುವಂಥ ಗೌನ್. ಹಾಗಾದರೆ ಕಸರತ್ತಿಗೆ ಏನು ಹಾಕಿಕೊಳ್ಳುತ್ತಿದ್ದಳು? ಆಗ ಟ್ರ್ಯಾಕ್ ಪ್ಯಾಂಟ್ ಇರಲಿಲ್ಲ ಅಲ್ವಾ? ಇನ್ನೊಂದು ವಿಷಯ. ನಮ್ಮ ಟೀಮಿಗೆ ಹೊಲಿಸಿದ ಪ್ಯಾಂಟ್‌ಗಳು ಚೌಕದಲ್ಲಿ ಕೂತಾಗಲೆಲ್ಲ ಒಂದೇ ಜಾಗದಲ್ಲಿ ಹೊಲಿಗೆ ಬಿಡುತ್ತವೆ. ಏನು ಮಾಡೋದು?
– ಓದುಗರೊಬ್ಬರು, ತಿಪಟೂರು

ಉತ್ತರ: ಪ್ಯಾಂಟಿನ ವಿಷಯ ಕೊನೆಗೆ ಹೇಳುತ್ತೇನೆ ಪುಟ್ಟಿ. ಮೊದಲು ರಾಣಿ.

ಆ ಜಿಮ್ ನಾನು ಕಣ್ಣಾರೆ ನೋಡಿದ್ದೇನೆ. ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಒಂದು ರಜೆಯಲ್ಲಿ ನನ್ನನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಹೋಫ್‌ಬರ್ಗ್ ಅಂತ ಅರಮನೆ. ನಮ್ಮ ಮೈಸೂರು ಅರಮನೆ ನೋಡಿದ ಕಣ್ಣಿಗೆ ಹೊರಗಿನಿಂದ ಏನೂ ಅನ್ನಿಸಲಿಲ್ಲ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಒಳಗೆ ರಾಣಿ ಅಲಂಕಾರ ಮಾಡಿಕೊಳ್ಳುತ್ತಿದ್ದ ಕೋಣೆಗೆ ಬಂದಾಗ ಮಾತ್ರ ನಿಂತುಬಿಟ್ಟೆ. ಗೋಡೆಗೆ ಒರಗಿಸಿದ ಮರದ ಏಣಿಯಂಥ ಪಟ್ಟಿಗಳು. ಬಾಗಿಲ ಚೌಕಟ್ಟಿನಿಂದ ಹಗ್ಗದಲ್ಲಿ ಇಳಿಬಿಟ್ಟ ಎರಡು ರಿಂಗ್. ನಮ್ಮ ಹಳೇ ಮನೆಗಳಲ್ಲಿ ತೊಟ್ಟಿಲು ಕಟ್ಟಲು ತೊಲೆಗೆ ಕೊಕ್ಕೆ ಹಾಕಿರುತ್ತಾರಲ್ಲ, ಅಷ್ಟೇ ಸಲೀಸಾಗಿ. ಮಗಳು ಮುಂದೆ ಮುಂದೆ ಹೋಗುತ್ತಿದ್ದಳು. ನಾನು ಮಾತ್ರ ಇದರ ಕೆಳಗೆ ನಿಂತು ಕೈ ಮೇಲೆತ್ತಿದರೆ ಬ್ಲೌಸಿನ ಕಂಕುಳು ಏನಾಗಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಮೂವತ್ತೆಂಟು ವರ್ಷ ಟೈಲರಿಂಗ್ ಮಾಡಿದ ತಲೆ, ಬೇರೆ ಏನು ಯೋಚಿಸುತ್ತೆ ಹೇಳಿ.

ನಿಮ್ಮ ಪ್ರಶ್ನೆಗೆ ಒಂದು ಒಳ್ಳೆಯ ಸಾಕ್ಷಿ ಇದೆ. 1890ರ ದಶಕದ ಆರಂಭದಲ್ಲಿ ಕ್ರಿಸ್ಟೊಮನೋಸ್ ಎಂಬ ಗ್ರೀಕ್ ಹುಡುಗ ರಾಣಿಗೆ ಗ್ರೀಕ್ ಭಾಷೆ ಹೇಳಿಕೊಡಲು ಬರುತ್ತಿದ್ದ. ಒಂದು ಬೆಳಗ್ಗೆ ಅವನನ್ನು ಒಳಗೆ ಕರೆಸಿದರು. ಹೋಗಿ ನೋಡಿದರೆ ಬಾಗಿಲ ನಡುವೆ ರಿಂಗ್ ಹಿಡಿದು ರಾಣಿ ಮೈ ಮೇಲೆತ್ತುತ್ತಿದ್ದಾಳೆ. ಮೈಮೇಲೆ ಕಪ್ಪು ರೇಷ್ಮೆಯ ಗೌನ್. ಹಿಂದೆ ಉದ್ದದ ಸೆರಗಿನಂಥ ಬಾಲ. ಅದರ ಅಂಚಿಗೆಲ್ಲ ಆಸ್ಟ್ರಿಚ್ ಹಕ್ಕಿಯ ಕಪ್ಪು ಗರಿ. ಹಾವಿಗೂ ಹಕ್ಕಿಗೂ ನಡುವಿನ ಯಾವುದೋ ಜೀವಿ ತೂಗುತ್ತಿದ್ದ ಹಾಗಿತ್ತು ಅಂತ ಹುಡುಗ ಬರೆದಿಟ್ಟಿದ್ದಾನೆ. ಕೆಳಗೆ ಇಳಿಯುವಾಗ ಅಡ್ಡ ಕಟ್ಟಿದ್ದ ಒಂದು ಹಗ್ಗವನ್ನೂ ಹಾರಿ ಬಂದಳಂತೆ.

ಆಗ ಆಕೆಗೆ ವಯಸ್ಸೆಷ್ಟು ಗೊತ್ತಾ? ಐವತ್ತು ದಾಟಿತ್ತು. ಹುಟ್ಟಿದ್ದು 1837ರ ಡಿಸೆಂಬರ್ 24, ಮ್ಯೂನಿಕ್‌ನಲ್ಲಿ. ನಾಲ್ಕು ಹೆತ್ತಿದ್ದಳು. ಮೊಮ್ಮಕ್ಕಳಿದ್ದರು.

ಹಾಗಂತ ಅದು ಜಿಮ್ ಡ್ರೆಸ್ ಅಂದುಕೊಳ್ಳಬೇಡಿ. ಅವತ್ತು ರಾಜಮನೆತನದ ಹೆಂಗಸರು ಭೇಟಿಗೆ ಬರುವವರಿದ್ದರು. ಅದಕ್ಕೆ ದರ್ಬಾರಿನ ಗೌನ್ ಹಾಕಿಕೊಂಡು ತಯಾರಾಗಿದ್ದಳು. ಅವರು ಬರುವ ಮೊದಲು ಒಂದು ಸುತ್ತು ಕಸರತ್ತು. ಈ ಬಟ್ಟೆಯಲ್ಲಿ ಹೀಗೆ ನೇತಾಡಿದ್ದು ಅವರಿಗೆ ಗೊತ್ತಾದರೆ ಕಲ್ಲಾಗಿಬಿಡುತ್ತಾರೆ ಅಂತ ರಾಣಿಯೇ ಹುಡುಗನ ಹತ್ತಿರ ತಮಾಷೆ ಮಾಡಿದಳಂತೆ. ಮದುವೆ ಮನೆಗೆ ಹೊರಟ ಹೆಂಗಸು ಜರಿ ಸೀರೆ ಉಟ್ಟುಕೊಂಡೇ ಒಂದು ಕೊಡ ನೀರು ಸೇದಿ ಬಿಡುತ್ತಾಳಲ್ಲ, ಆ ಥರ.

ಟೈಲರ್ ಆಗಿ ನನಗೆ ಇದರಲ್ಲಿ ಕುತೂಹಲ ಗರಿಯದ್ದಲ್ಲ, ತೋಳಿನದು. ಅಷ್ಟು ಬಿಗಿ ಗೌನ್‌ನಲ್ಲಿ ಎರಡೂ ಕೈ ಮೇಲೆತ್ತಿ ಮೈಭಾರ ತೂಗಿದರೂ ಹೊಲಿಗೆ ಬಿಡಬಾರದು ಅಂದರೆ ಕಟಿಂಗ್ ಹೇಗಿರಬೇಕು? ಲೂಸ್ ಇಟ್ಟರೆ ಕೈ ಸಲೀಸಾಗಿ ಏಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಲ್ಟಾ. ಕಂಕುಳು ಕೆಳಗೆ ಇಳಿದಷ್ಟೂ ಕೈ ಎತ್ತಿದಾಗ ಇಡೀ ಬ್ಲೌಸ್ ಮೇಲೆ ಹತ್ತುತ್ತದೆ. ಬೇಕಾದರೆ ಇವತ್ತೇ ನೋಡಿ. ಎರಡು ಬ್ಲೌಸ್ ತೆಗೆದುಕೊಳ್ಳಿ, ಒಂದರ ಕಂಕುಳು ಮೈಗೆ ಹತ್ತಿರ, ಇನ್ನೊಂದರದು ಎರಡು ಬೆರಳು ಕೆಳಗೆ. ಹಾಕಿಕೊಂಡು ಅಟ್ಟದ ಮೇಲಿನ ಡಬ್ಬಿ ತೆಗೆಯಿರಿ. ಕಂಕುಳು ಮೇಲಿರುವ ಬ್ಲೌಸ್ ಸೊಂಟದಲ್ಲಿ ಅಲ್ಲಾಡುವುದಿಲ್ಲ. ಲೂಸ್ ಇರುವುದು ಹೊಟ್ಟೆ ತೋರಿಸುತ್ತದೆ. ಆ ಕಾಲದ ಯುರೋಪಿನ ಗೌನ್‌ಗಳ ಕಂಕುಳು ತುಂಬಾ ಮೇಲೆ, ತುಂಬಾ ಚಿಕ್ಕದು. ರಾಣಿಯ ಕೈ ಎದ್ದಿದ್ದು ಅದರಿಂದಲೂ ಹೌದು.

ಪ್ರಶ್ನೆ: ನಾನು ವಾರಕ್ಕೆ ಎರಡು ದಿನ ಕುದುರೆ ಸವಾರಿ ಕಲಿಯುತ್ತಿದ್ದೇನೆ. ಎರಡು ಕಾಲು ಎರಡು ಕಡೆ ಹಾಕಿ ಕೂತರೇ ಜೀವ ಕೈಗೆ ಬರುತ್ತೆ. ಈ ರಾಣಿ ಎರಡೂ ಕಾಲು ಒಂದೇ ಕಡೆ ಹಾಕಿ, ಉದ್ದ ಲಂಗ ಬಿಟ್ಟುಕೊಂಡು ಬೇಲಿ ಹಾರಿಸುತ್ತಿದ್ದಳು ಅಂದರೆ ನಂಬೋದು ಹೇಗೆ? ಬಟ್ಟೆಯನ್ನು ಮೈಮೇಲೇ ಹೊಲಿಸಿಕೊಳ್ಳುತ್ತಿದ್ದಳು ಅನ್ನೋದು ನಿಜವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಜ. ಎರಡೂ ನಿಜ. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಪ್ಪ ಮೈಸೂರಿನಲ್ಲಿ ಸವಾರಿ ಮಾಡುವವರಿಗೆ ಬ್ರೀಚಸ್ ಹೊಲಿಯುತ್ತಿದ್ದರು. ತೊಡೆ ಹತ್ತಿರ ಉಬ್ಬಿ, ಮಂಡಿ ಕೆಳಗೆ ಕಚ್ಚಿಕೊಳ್ಳುವ ಆ ಪ್ಯಾಂಟ್. ಅಂಗಡಿಯ ಮೂಲೆಯಲ್ಲಿ ಒಂದು ಉದ್ದ ಬೆಂಚು, ಅದರ ಮೇಲೆ ಕಟ್ಟಿದ ಹಳೇ ಲೋಡು. ಟ್ರಯಲ್‌ಗೆ ಬಂದ ಗಿರಾಕಿ ಅದರ ಮೇಲೆ ಕುದುರೆ ಏರಿದ ಹಾಗೆ ಕೂರಬೇಕು. ಎಷ್ಟು ದೊಡ್ಡ ಅಧಿಕಾರಿ ಬಂದರೂ ಅಷ್ಟೇ. "ನಿಂತವನ ಅಳತೆ ನಿಂತವನಿಗೆ" ಅನ್ನುತ್ತಿದ್ದರು. ಆಗ ನನಗೆ ನಗು ಬರುತ್ತಿತ್ತು. ಆಮೇಲೆ ತಿಳಿಯಿತು, ರಾಣಿಯ ಕಾಲದ ಲಂಡನ್ನಿನ ಒಳ್ಳೆ ಅಂಗಡಿಗಳಲ್ಲಿ ಇದಕ್ಕೆ ಅಂತಲೇ ಮರದ ಕುದುರೆ ಇರುತ್ತಿತ್ತು, ಅದರ ಮೇಲೆ ಹೆಂಗಸರ ಜೀನು, ಅಂದರೆ ಸ್ಯಾಡಲ್. ದರ್ಜಿಗಳ ಬುದ್ಧಿ ಎಲ್ಲಾ ಊರಿನಲ್ಲೂ ಒಂದೇ ಕಡೆ ಓಡುತ್ತೆ.

ಮೊದಲು ಆ ಜೀನಿನ ವಿಷಯ ತಿಳಿಯಬೇಕು. ಅದಕ್ಕೆ ಎರಡು ಕೊಂಬು. ಮೇಲಿನ ಕೊಂಬಿನ ಮೇಲೆ ಬಲಗಾಲು ಬಳಸಿ ಬರುತ್ತದೆ. ಎಡತೊಡೆಯ ಮೇಲೆ ಇನ್ನೊಂದು ಕೊಂಬು ಕೆಳಮುಖವಾಗಿ ಬಾಗಿರುತ್ತದೆ. ಈ ಎರಡನೆಯದು ಬಂದಿದ್ದು 1830ರ ಸುಮಾರಿಗೆ. ಅದು ಬಂದ ಮೇಲೆಯೇ ಹೆಂಗಸರು ಧೈರ್ಯವಾಗಿ ಬೇಲಿ, ಕಾಲುವೆ ಹಾರಿಸಿದ್ದು. ಕುದುರೆ ನೆಗೆದಾಗ ಎರಡು ತೊಡೆಯೂ ಕೊಂಬುಗಳನ್ನು ಇಕ್ಕಳದ ಹಾಗೆ ಹಿಡಿದುಕೊಳ್ಳುತ್ತವೆ. ಕೂತ ಸೊಂಟ ಅಲ್ಲಾಡುವುದಿಲ್ಲ. ನಿಮ್ಮ ಜೀನಿಗಿಂತ ಇದು ಗಟ್ಟಿ ಅಂತ ಹೇಳುವವರೂ ಇದ್ದಾರೆ. ಆದರೆ ಬಿದ್ದರೆ ಕಷ್ಟ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಲಂಗ. ಬಲಮಂಡಿ ಮುಂದಕ್ಕೆ, ಮೇಲಕ್ಕೆ ಚಾಚಿಕೊಂಡಿರುತ್ತದೆ. ಮಾಮೂಲಿ ಲಂಗ ಹಾಕಿದರೆ ಆ ಮಂಡಿ ಬಟ್ಟೆಯನ್ನು ಎಳೆದು, ಬಲಗಡೆ ಅಂಚು ಮೊಣಕಾಲಿಗೆ ಬಂದುಬಿಡುತ್ತದೆ. ಅದಕ್ಕೆ ಟೈಲರ್‌ಗಳು ಏನು ಮಾಡುತ್ತಿದ್ದರು ಅಂದರೆ, ಬಲಮಂಡಿಗೆ ಅಂತ ಲಂಗದಲ್ಲೇ ಡಾರ್ಟ್, ಅಂದರೆ ಒಳಗೆ ಮಡಿಚಿದ ಹೊಲಿಗೆ, ಹಿಡಿದು ಒಂದು ಉಬ್ಬು ಮಾಡುತ್ತಿದ್ದರು. ತೆಂಗಿನ ಚಿಪ್ಪು ಬಟ್ಟೆಯೊಳಗೆ ಇಟ್ಟ ಹಾಗೆ. ಕುದುರೆ ಮೇಲೆ ಕೂತಾಗ ಅಂಚು ಎರಡೂ ಕಡೆ ಸಮ, ನೆಲಕ್ಕೆ ನೇರ. ಕೆಳಗೆ ಇಳಿದರೆ ನೋಡಬೇಕು ಅವಸ್ಥೆ! ಒಂದು ಕಡೆ ಜೋಲು, ಮುಂದೆ ಖಾಲಿ ಮಂಡಿ ಚೀಲ. ನಡೆಯಲಿಕ್ಕೆ ಅಂತ ಒಂದು ಗುಂಡಿ, ಒಂದು ದಾರದ ಕುಣಿಕೆ ಇಟ್ಟು ಲಂಗ ಎತ್ತಿ ಸಿಗಿಸಿಕೊಳ್ಳುತ್ತಿದ್ದರು. ಅಂದರೆ ಅದು ನಡೆಯುವವಳ ಬಟ್ಟೆಯೇ ಅಲ್ಲ, ಕೂತವಳ ಬಟ್ಟೆ. ಹೆಂಗಸರ ಗೌನ್ ಹೊಲಿಯುವವರು ಇದನ್ನು ಮುಟ್ಟುತ್ತಲೂ ಇರಲಿಲ್ಲ. ಗಂಡಸರ ಕೋಟು ಹೊಲಿಯುವ ಟೈಲರ್‌ಗಳ ಕೆಲಸ ಇದು. ಬಟ್ಟೆಯೂ ಕೋಟಿನದೇ, ಒತ್ತಾದ ಉಣ್ಣೆ, ಕಡುಬಣ್ಣ.

ಸಿಸಿ ಇದನ್ನೂ ಸಾಲದು ಅಂದಳು. ಆಕೆ ಎತ್ತರ 172 ಸೆಂಟಿಮೀಟರ್, ಅಂದರೆ ಐದೂಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ. ತೂಕ ಜೀವಮಾನ ಪೂರ್ತಿ 50 ಕಿಲೋ ಆಸುಪಾಸು. ದಿನಾ ತೂಕ ನೋಡಿಕೊಳ್ಳುತ್ತಿದ್ದಳು. ಮೇಲಿನ ಕೋಟು, ಕೆಳಗಿನ ಲಂಗ ಸೇರುವ ಸೊಂಟದ ಹತ್ತಿರ ಒಂದು ಸುಕ್ಕೂ ಕಾಣಬಾರದು. ಹುಕ್ಕು, ಗುಂಡಿ, ಪಟ್ಟಿ ಏನು ಇಟ್ಟರೂ ಒಂದು ಎಳೆ ದಪ್ಪ ಬರುತ್ತದಲ್ಲ, ಅದೂ ಬೇಡ. ಅದಕ್ಕೆ ಬಟ್ಟೆ ಹಾಕಿಕೊಂಡ ಮೇಲೆ ಮೈಮೇಲೇ ಕೋಟಿಗೂ ಲಂಗಕ್ಕೂ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದಳು. ಸವಾರಿ ಮುಗಿದ ಮೇಲೆ ಬಿಚ್ಚುವುದು. ಮರುದಿನ ಮತ್ತೆ.

ಮೊದಲ ಸಲ ಓದಿದಾಗ ನನಗೆ ಕೋಪವೇ ಬಂತು. ನಮ್ಮ ಕಡೆ ಮೈಮೇಲೆ ಹಾಕಿಕೊಂಡ ಬಟ್ಟೆಗೆ ಹೊಲಿಗೆ ಹಾಕಬಾರದು ಅಂತಾರೆ. ತುರ್ತಾಗಿ ಹಾಕಲೇಬೇಕಾದರೆ ಹಾಕಿಸಿಕೊಳ್ಳುವವರು ಬಾಯಲ್ಲಿ ಒಂದು ದಾರದ ತುಂಡು ಕಚ್ಚಿಕೊಳ್ಳಬೇಕು. ನಮ್ಮ ಅಜ್ಜಿ ಹಾಗೇ ಮಾಡಿಸುತ್ತಿದ್ದರು. ಅದು ಬಿಡಿ, ಉಣ್ಣೆ ಬಟ್ಟೆಯ ಒಂದೇ ಜಾಗದಲ್ಲಿ ದಿನಾ ಸೂಜಿ ಚುಚ್ಚಿ ದಿನಾ ಬಿಚ್ಚಿದರೆ ಆ ಅಂಚು ಎಷ್ಟು ದಿನ ಬಾಳುತ್ತೆ? ಕೈ ನಡುಗುವ ಹಾಗಿಲ್ಲ, ಒಳಗೆ ರಾಣಿಯ ಸೊಂಟ. ಹೊರಗೆ ಕುದುರೆ ಕಾಯುತ್ತಾ ಗೊರಸು ಕೆರೆಯುತ್ತಿರುತ್ತದೆ. ಆ ಹೊಲಿಗೆ ಹಾಕಿದ ಕೈಯ ಹೆಸರು ನನಗೆಲ್ಲೂ ಸಿಗಲಿಲ್ಲ ನೋಡಿ. ತಲೆ ಬಾಚುತ್ತಿದ್ದವಳ ಹೆಸರು ಮಾತ್ರ ಎಲ್ಲರಿಗೂ ಗೊತ್ತು, ಫ್ಯಾನಿ ಫೈಫಾಲಿಕ್.

ಆದರೆ ಅಷ್ಟೆಲ್ಲ ಬಿಗಿದುಕೊಂಡು ಆಕೆ ಸುಮ್ಮನೆ ಕೂರಲಿಲ್ಲ. ಹಂಗೇರಿಯ ಗೊಡೊಲೊ ಅರಮನೆಯಲ್ಲಿ ಸರ್ಕಸ್‌ನ ಸವಾರಿ ಹೆಂಗಸರನ್ನೇ ಕರೆಸಿ ಪಾಠ ಹೇಳಿಸಿಕೊಂಡಳು. ಆಕೆಯ ಅಪ್ಪನಿಗೂ ಸರ್ಕಸ್ ಹುಚ್ಚು, ಮ್ಯೂನಿಕ್‌ನ ಮನೆಯಲ್ಲೇ ಸರ್ಕಸ್ ಅಖಾಡ ಮಾಡಿಸಿಕೊಂಡಿದ್ದವನು. 1876ರಲ್ಲಿ ಇಂಗ್ಲೆಂಡಿಗೆ ಹೋಗಿ ನರಿ ಬೇಟೆಯಲ್ಲಿ ಸೇರಿದಳು. ದಾರಿ ತೋರಿಸಲು ಬೇ ಮಿಡಲ್‌ಟನ್ ಎಂಬ ಸೈನ್ಯದ ಕ್ಯಾಪ್ಟನ್‌ನನ್ನು ಜೊತೆಗೆ ಕೊಟ್ಟರು. ರಾಣಿಯನ್ನು ನೋಡಿಕೊಳ್ಳುವುದು ಒಂದು ತಲೆನೋವು ಅಂತ ಒಲ್ಲದ ಮನಸ್ಸಿನಿಂದ ಬಂದವನು, ಆಕೆ ಬೇಲಿ ಹಾರಿಸಿದ್ದು ನೋಡಿ ತೆಪ್ಪಗಾದ. ಅಷ್ಟು ಹೊತ್ತಿಗೆ ಆಕೆ ಅಜ್ಜಿಯಾಗಿ ಎರಡು ವರ್ಷವಾಗಿತ್ತು.

1879, 1880ರಲ್ಲಿ ಐರ್ಲೆಂಡಿಗೂ ಹೋದಳು. ಅಲ್ಲಿ ಒಂದು ದಿನ ಬೇಟೆಯ ಜಿಂಕೆ ಮೇನೂತ್ ಎಂಬ ಊರಿನ ಪಾದ್ರಿಗಳ ಕಾಲೇಜಿನ ಗೋಡೆ ಹಾರಿ ಒಳಗೆ ಹೋಯಿತು. ಹಿಂದೆಯೇ ಇವಳೂ ಹೋದಳು. ಪಾಠ ಓದುತ್ತಿದ್ದ ಪಾದ್ರಿ ಹುಡುಗರ ಮುಖ ನೆನೆಸಿಕೊಳ್ಳಿ! ಆಮೇಲೆ ಆ ಕಾಲೇಜಿಗೆ ಸೇಂಟ್ ಜಾರ್ಜ್‌ನ ಬೆಳ್ಳಿ ಮೂರ್ತಿ ಕಳಿಸಿದಳು. ಸೇಂಟ್ ಜಾರ್ಜ್ ಅಂದರೆ ಇಂಗ್ಲೆಂಡನ್ನು ಕಾಯುವ ಸಂತ, ಐರ್ಲೆಂಡಿನವರಿಗೆ ಕೊಡುವಂಥದ್ದಲ್ಲ. ಪೂಜೆಗೆ ಹಾಕಿಕೊಳ್ಳುವ ಜರಿ ಬಟ್ಟೆಗಳನ್ನೂ ಕೊಟ್ಟಳು. ಅದರ ಕಸೂತಿಯಲ್ಲಿ ಐರ್ಲೆಂಡಿನ ಗುರುತಾದ ಮೂರೆಲೆ ಸೊಪ್ಪು. ನನ್ನ ಕೇಳಿದರೆ ಆ ಕಸೂತಿಯೇ ಒಳ್ಳೆ ಉಡುಗೊರೆ.

ಇನ್ನು ಬೀಳುವ ವಿಷಯ. ಲಂಗ ಕೊಂಬಿಗೆ ಸಿಕ್ಕಿಹಾಕಿಕೊಂಡರೆ ಸವಾರಳು ತಲೆಕೆಳಗಾಗಿ ನೇತಾಡುತ್ತಾಳೆ, ಕುದುರೆ ಎಳೆದುಕೊಂಡು ಓಡುತ್ತದೆ. ಹೀಗೆ ಸತ್ತವರು ಎಷ್ಟೋ. ಆಮೇಲಾಮೇಲೆ ಟೈಲರ್‌ಗಳು ಬುದ್ಧಿವಂತರಾಗಿ, ಹಿಂಭಾಗ ಪೂರ್ತಿ ತೆರೆದ, ಏಪ್ರನ್ ಥರದ ಲಂಗ ಹೊಲಿದರು. ಒಳಗೆ ಪ್ಯಾಂಟ್, ಮೇಲೆ ಮುಂದುಗಡೆ ಮಾತ್ರ ಬಟ್ಟೆ. ಸಿಕ್ಕಿಕೊಂಡರೂ ಬಿಚ್ಚಿ ಬರುತ್ತದೆ. ಸಿಸಿ ಕೂಡ 1875ರಲ್ಲಿ ಫ್ರಾನ್ಸಿನಲ್ಲಿ ಕುದುರೆಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದಳು. ಆಕೆಗೆ ಪಾಠ ಹೇಳಿದ ಸರ್ಕಸ್ಸಿನ ಎಮಿಲಿ ಲೊಯ್ಸೆ 1882ರಲ್ಲಿ ಪ್ಯಾರಿಸ್ಸಿನಲ್ಲಿ ಕುದುರೆ ಮೈಮೇಲೆ ಬಿದ್ದು ತೀರಿಕೊಂಡಳು.

ಒಂದು ಮರೆತೆ. ಜೀನಿನ ಜೊತೆ ಒಂದು ಚರ್ಮದ ಬೀಸಣಿಗೆ ಇಟ್ಟುಕೊಂಡಿರುತ್ತಿದ್ದಳು. ಸೆಕೆಗೆ ಅಲ್ಲ. ಯಾರಾದರೂ ಗುರಾಯಿಸಿದರೆ, ಫೋಟೋ ತೆಗೆಯಲು ಬಂದರೆ ಮುಖಕ್ಕೆ ಅಡ್ಡ ಹಿಡಿಯಲಿಕ್ಕೆ. ಮೈಮೇಲೆ ಸುಕ್ಕಿಲ್ಲದ ಹಾಗೆ ಹೊಲಿಸಿಕೊಳ್ಳುವುದೂ ಇವಳೇ, ನೋಡಿದರೆ ಮುಖ ಮುಚ್ಚಿಕೊಳ್ಳುವುದೂ ಇವಳೇ.

ಪ್ರಶ್ನೆ: ಕೇಳಲು ಸಂಕೋಚ. ಆ ಲಂಗದ ಒಳಗೆ ಏನಿರುತ್ತಿತ್ತು?
– ಹೆಸರು ಬೇಡ ಎಂದ ಓದುಗರು

ಉತ್ತರ: ಸಂಕೋಚ ಏನು, ಟೈಲರ್ ಹತ್ತಿರ ತಾನೇ ಕೇಳಿದ್ದು. ಒಳಲಂಗ ಇರುತ್ತಿರಲಿಲ್ಲ, ಮಡಿಕೆ ಬಿದ್ದು ತೊಡೆ ಉಜ್ಜುತ್ತದೆ. ಬದಲಿಗೆ ಮೆತ್ತನೆ ಚರ್ಮದ ಪ್ಯಾಂಟ್. ಹೊರಗಿನವರಿಗೆ ಲಂಗ, ಕುದುರೆಗೆ ಪ್ಯಾಂಟ್. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಕಚ್ಚೆ ಹಾಕಿ ಸೀರೆ ಉಟ್ಟು, ಒಂದೇ ಬಟ್ಟೆಯಲ್ಲಿ ಎರಡೂ ಕೆಲಸ ಮುಗಿಸಿದರು. ಹೊಲಿಗೆಯೂ ಇಲ್ಲ, ಟೈಲರ್ ಖರ್ಚೂ ಇಲ್ಲ.

ಪ್ರಶ್ನೆ: ಆ ರಾಣಿಯ ಸೊಂಟ 20 ಇಂಚು ಅಂತ ಓದಿದೆ. ನನ್ನ ಮಗಳು ಈಗ ಹೊಟ್ಟೆಗೆ ಬಿಗಿಯಾದ ಬೆಲ್ಟ್ ಸುತ್ತಿಕೊಂಡು ಜಿಮ್‌ಗೆ ಹೋಗುತ್ತಾಳೆ. ಹೇಳಿದರೆ ಕೇಳೋಲ್ಲ. ಕಾರ್ಸೆಟ್ ಅಂತ ದಾರ ಎಳೆದು ಬಿಗಿಯುವ ಒಳಉಡುಪು ಹಾಕಿಕೊಂಡು ಆ ಕಾಲದಲ್ಲಿ ಉಸಿರಾಡುತ್ತಿದ್ದದ್ದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಸುಮಾರು 50 ಸೆಂಟಿಮೀಟರ್ ಅಂತ ಹೇಳುತ್ತಾರೆ, ನೀವು ಓದಿದ್ದು ಸರಿ. ನಮ್ಮ ಅಂಗಡಿಯಲ್ಲಿ ಚಿಕ್ಕ ಹುಡುಗಿಯರ ಲಂಗಕ್ಕೆ ಹಿಡಿಯುವ ಅಳತೆ ಅದು. ಅದರಲ್ಲಿ ಮೈ ಎಷ್ಟು, ದಾರ ಎಷ್ಟು ಅಂತ ನೋಡಬೇಕು. ಕಾರ್ಸೆಟ್ಟಿನ ದಾರ ಎಳೆದು ಬಿಗಿಯಲಿಕ್ಕೇ ಒಂದೊಂದು ದಿನ ಒಂದು ಗಂಟೆ ಹಿಡಿಯುತ್ತಿತ್ತು. ಕೂದಲು ಬಾಚಲು ಎರಡು ಮೂರು ಗಂಟೆ ಬೇರೆ, ಹಿಮ್ಮಡಿ ಮುಟ್ಟುವ ಕೂದಲು.

ಉಸಿರು ಮೇಲೆ ಮೇಲೆ ಆಡುತ್ತಿದ್ದರು. ಹೊಟ್ಟೆ ಹಿಗ್ಗದಿದ್ದರೆ ಎದೆಯ ಮೇಲ್ಭಾಗ ಮಾತ್ರ ಏರಿಳಿಯುತ್ತದೆ. ಹಾಗೆ ಇಟ್ಟುಕೊಂಡೇ ಬೇಟೆ, ಆಮೇಲೆ ಕತ್ತಿವರಸೆ, ಗಂಟೆಗಟ್ಟಲೆ ನಡಿಗೆ. 1880ರ ದಶಕದಲ್ಲಿ ನೋವು ಕಾಣಿಸಿಕೊಂಡು ಕುದುರೆ ಬಿಟ್ಟ ಮೇಲೆ ನಡಿಗೆಯೇ ಹುಚ್ಚಾಯಿತು. ಜೊತೆಗಿದ್ದ ಹೆಂಗಸರು ಸುಸ್ತಾಗಿ ಬೀಳುತ್ತಿದ್ದರು. ಚೆನ್ನಾಗಿ ನಡೆಯಬಲ್ಲವಳನ್ನೇ ಹುಡುಕಿ ಜೊತೆಗೆ ಇಟ್ಟುಕೊಳ್ಳಬೇಕಾಯಿತು.

ಆ ಬಿಗಿ ಕೊನೆಗೆ ಎಂಥ ಜಾಗದಲ್ಲಿ ಲೆಕ್ಕಕ್ಕೆ ಬಂತು ಅಂದರೆ, 1898ರ ಸೆಪ್ಟೆಂಬರ್ 10, ಜಿನೀವಾ. ಹೋಟೆಲಿನಿಂದ ಹೊರಟು ಸರೋವರದ ಹಡಗು ಹತ್ತಲು ನಡೆದು ಹೋಗುತ್ತಿದ್ದಳು. ಲುಕೇನಿ ಎಂಬ ಇಟಲಿಯವನು ಓಡಿ ಬಂದು ಚೂಪು ಮಾಡಿದ ಅರದಿಂದ ಎದೆಗೆ ತಿವಿದ. ಬಿದ್ದಳು, ಎದ್ದಳು. ಗುದ್ದಿ ಹೋದ ಅಂದುಕೊಂಡಳು. ನಡೆದುಕೊಂಡೇ ಹೋಗಿ ಹಡಗು ಹತ್ತಿದಳು. ಅಲ್ಲಿ ಕುಸಿದಳು. ಜೊತೆಗಿದ್ದ ಇರ್ಮಾ ಸ್ಟಾರೈ ಕಾರ್ಸೆಟ್ಟಿನ ದಾರ ಕತ್ತರಿಸಿದಾಗಲೇ ಒಳಗೆ ಸಣ್ಣ ರಕ್ತದ ಕಲೆ ಕಂಡದ್ದು. ಗಾಯ ಅಷ್ಟು ಚಿಕ್ಕದು, ಮೇಲೆ ಕಾರ್ಸೆಟ್ ಅಷ್ಟು ಬಿಗಿ. ರಕ್ತ ಬೇಗ ಹರಿಯದ ಹಾಗೆ ಅದು ಹಿಡಿದಿತ್ತು, ಅದಕ್ಕೇ ಅಷ್ಟು ದೂರ ನಡೆದಳು ಅನ್ನುತ್ತಾರೆ.

ನಿಮ್ಮ ಮಗಳಿಗೆ ಬೈಯಬೇಡಿ, ಬೈದರೆ ಇನ್ನೊಂದು ಸುತ್ತು ಬಿಗಿಯುತ್ತಾಳೆ. ಬೆಲ್ಟ್ ಕಟ್ಟಿಕೊಂಡೇ ಒಂದು ಹಾಡು ಪೂರ್ತಿ ಹೇಳಮ್ಮ ಅನ್ನಿ. ಎರಡನೇ ಸಾಲಿಗೆ ತಾನೇ ಬಿಚ್ಚುತ್ತಾಳೆ.

ಈಗ ತಿಪಟೂರಿನ ಪುಟ್ಟಿಯ ಪ್ಯಾಂಟ್.

ನಾನು ಹೈಸ್ಕೂಲಿನಲ್ಲಿದ್ದಾಗ ಸ್ಪೋರ್ಟ್ಸ್ ಡೇ ದಿನ ನೂರು ಮೀಟರ್ ಓಡಿದ್ದು ಲಂಗ-ದಾವಣಿಯಲ್ಲಿ. ಅಣ್ಣನ ಪೈಜಾಮ ಹಾಕಿಕೊಂಡು ಹೋಗಿದ್ದೆ. ಹೆಣ್ಣು ಮಕ್ಕಳಿಗೆ ಇದು ಸರಿಯಲ್ಲ ಅಂತ ವಾಪಸ್ ಕಳಿಸಿದರು. ಮನೆಗೆ ಓಡಿ ಬಂದು ಬಟ್ಟೆ ಬದಲಾಯಿಸಿ, ಮತ್ತೆ ಓಡಿ ಹೋಗಿ, ಲಂಗ ಎತ್ತಿ ಸೊಂಟಕ್ಕೆ ಸಿಗಿಸಿ ಓಡಿದೆ. ಮೂರನೇ ಬಹುಮಾನ, ಒಂದು ಸ್ಟೀಲ್ ಲೋಟ. ಮನೆಗೆ ಹೋಗಿ ಬಂದಿದ್ದರಿಂದ ಮೊದಲೇ ಸುಸ್ತಾಗಿತ್ತು, ಇಲ್ಲದಿದ್ದರೆ ಮೊದಲನೆಯದೇ ಬರುತ್ತಿತ್ತು ಅಂತ ಇವತ್ತಿಗೂ ವಾದ ಮಾಡುತ್ತೇನೆ.

ನಿಮ್ಮ ಪ್ಯಾಂಟ್ ಬಿಡುವುದು ನಾಲ್ಕು ಹೊಲಿಗೆ ಸೇರುವ ಜಾಗದಲ್ಲಿ, ಎರಡು ಕಾಲುಗಳ ನಡುವೆ, ಅಲ್ವಾ? ದಾರದ ತಪ್ಪಲ್ಲ ಅದು. ಕೂತಾಗ ಎಲ್ಲಾ ಎಳೆತ ಆ ಒಂದು ಚುಕ್ಕಿಗೆ ಬೀಳುತ್ತದೆ. ಆ ಜಾಗದ ಹೊಲಿಗೆ ಬಿಚ್ಚಿ, ಅದೇ ಬಟ್ಟೆಯಲ್ಲಿ ಬರ್ಫಿ ಆಕಾರದ ಒಂದು ತುಂಡು ಇಡಿಸಿ. ಪ್ರತಿ ಬದಿ ನಾಲ್ಕು ಇಂಚು ಸಾಕು, ಮಾರ್ಜಿನ್ ಬೇರೆ. ನಾಲ್ಕು ಹೊಲಿಗೆಗಳು ಈಗ ಒಂದೇ ಕಡೆ ಸೇರುವುದಿಲ್ಲ, ಎಳೆತ ನಾಲ್ಕು ಮೂಲೆಗೆ ಹಂಚಿಹೋಗುತ್ತದೆ. ಎರಡು ಸಲ ಹೊಲಿಗೆ ಹಾಕಿಸಿ. ಮುಂದಿನ ಸಲ ಹೊಸದು ಹೊಲಿಸುವಾಗ ಹಿಂಭಾಗದ ಸೊಂಟ ಮುಂಭಾಗಕ್ಕಿಂತ ಒಂದೂವರೆ ಇಂಚು ಎತ್ತರ ಇಡಿಸಿ, ಇಲ್ಲದಿದ್ದರೆ ಬಗ್ಗಿದಾಗ ಹಿಂದೆ ಇಳಿಯುತ್ತದೆ.

ಅಳತೆ ಕೊಡುವಾಗ ಮಾತ್ರ ನಿಂತು ಕೊಡಬೇಡಿ. ಅಂಗಡಿಯ ನೆಲದ ಮೇಲೆ ಖೊ-ಖೊ ಚೌಕದಲ್ಲಿ ಕೂತ ಹಾಗೇ ಕೂತು, ಟೇಪ್ ಹಿಡಿಯಲು ಹೇಳಿ. ಟೈಲರ್ ನಕ್ಕರೆ ನಗಲಿ. ನಮ್ಮ ಅಪ್ಪನ ಲೋಡಿನ ಬೆಂಚು ನೋಡಿಯೂ ಜನ ನಗುತ್ತಿದ್ದರು.